ಸೊರಗದ ಬದನೆ: ನಮ್ಮ ಮುರ ಮಣ್ಣಿನ ಹಿತ್ತಿಲಿಗೆ ಕೆಲವು ಮಾತು

(ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ವಾಚನಾಲಯವೊಂದರಲ್ಲಿ, ಹಿತ್ತಿಲಲ್ಲಿ ತರಕಾರಿ ಬೆಳೆಯುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬದನೆ ಗಿಡ ಹೇಗೆ ಸಾಯುತ್ತದೆ ಎಂಬಲ್ಲಿಂದಲೇ ಮಾತು ಶುರು ಮಾಡುತ್ತೇನೆ. ನಮ್ಮ ಕಡೆ ಬದನೆ ನೆಟ್ಟವರೆಲ್ಲ ಇದನ್ನು ನೋಡಿದ್ದೀರಿ. ಗಿಡ ಮೊಣಕಾಲೆತ್ತರ ಬಂದಿರುತ್ತದೆ. ಎಲೆ ಅಗಲವಾಗಿ, ಕಡು ಹಸಿರಾಗಿ ಇರುತ್ತದೆ. ಮೊದಲ ಹೂವೂ ಬಿಟ್ಟಿರುತ್ತದೆ. ಒಂದು ಮಧ್ಯಾಹ್ನ ನೋಡಿದರೆ ತುದಿಯ ಎಲೆಗಳು ಬಾಡಿರುತ್ತವೆ. ಬಿಸಿಲು ಜಾಸ್ತಿಯಾಯಿತೇನೋ ಅಂತ ನೀರು ಹಾಕುತ್ತೇವೆ. ಸಂಜೆಗೆ ಸ್ವಲ್ಪ ಚೇತರಿಸಿದ ಹಾಗೆ ಕಾಣುತ್ತದೆ. ಮರುದಿನ ಇನ್ನಷ್ಟು ಬಾಡುತ್ತದೆ. ಕೆಲವೇ ದಿನಗಳಲ್ಲಿ ಇಡೀ ಗಿಡ ನಿಂತಲ್ಲೇ ಸೊರಗಿ ಹೋಗುತ್ತದೆ. ಎಲೆ ಹಳದಿಯಾಗಿ ಉದುರುವುದಿಲ್ಲ. ಹಸಿರಾಗಿರುವಾಗಲೇ ಜೋತು ಬೀಳುತ್ತದೆ. ಹುಳ ಹುಡುಕಿದರೆ ಒಂದೂ ಸಿಗುವುದಿಲ್ಲ.

ಇದೇ ಸೊರಗು ರೋಗ. ದುಂಡಾಣು ಸೊರಗು ಅಂತ ಕೃಷಿ ಅಧಿಕಾರಿಗಳು ಹೇಳುತ್ತಾರೆ. ರಾಲ್ಸ್ಟೋನಿಯಾ ಸೊಲನೇಸಿಯಾರಂ ಎಂಬ ದುಂಡಾಣು ಮಣ್ಣಿನಿಂದ ಬೇರಿನೊಳಗೆ ಹೋಗುತ್ತದೆ. ಬೇರಿನ ಸಣ್ಣ ಗಾಯವೊಂದು ಅದಕ್ಕೆ ಸಾಕು. ಒಳಗೆ ಹೋದ ಮೇಲೆ ಗಿಡ ನೀರು ಎಳೆಯುವ ನಾಳಗಳಲ್ಲಿ ಲೆಕ್ಕವಿಲ್ಲದಷ್ಟು ಹೆಚ್ಚುತ್ತದೆ. ಅಂಟಿನಂಥ ಲೋಳೆ ಕಟ್ಟುತ್ತದೆ. ನಾಳ ಮುಚ್ಚಿಹೋಗುತ್ತದೆ. ಬುಡದಲ್ಲಿ ನೀರು ತುಂಬಿದ್ದರೂ ಎಲೆಗೆ ತಲುಪುವುದಿಲ್ಲ. ಹಾಗಾಗಿ ನಾವು ಹಾಕಿದ ನೀರು ಗಿಡಕ್ಕೆ ಸಿಗುವುದಿಲ್ಲ. ದುಂಡಾಣು ಮಾತ್ರ ಆ ನೀರಿನ ಜೊತೆ ಪಕ್ಕದ ಬುಡಕ್ಕೆ ಹೋಗುತ್ತದೆ.

ರೋಗ ಇದೇ ಹೌದೋ ಅಲ್ಲವೋ ಅಂತ ಮನೆಯಲ್ಲೇ ನೋಡಬಹುದು. ಬಾಡಿದ ಗಿಡದ ಬುಡದಿಂದ ಒಂದು ಗೇಣು ದಂಟು ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿ ನೀರು ತೆಗೆದುಕೊಳ್ಳಿ. ಕತ್ತರಿಸಿದ ತುದಿ ನೀರಿಗೆ ತಾಗುವ ಹಾಗೆ ದಂಟನ್ನು ಅಲುಗಾಡಿಸದೆ ಹಿಡಿಯಿರಿ. ಸೊರಗು ರೋಗವಾದರೆ ಸ್ವಲ್ಪ ಹೊತ್ತಿನಲ್ಲೇ ಹಾಲಿನ ಬಣ್ಣದ ಎಳೆ ಕೆಳಗೆ ಇಳಿಯುವುದು ಕಾಣುತ್ತದೆ. ಇಳಿಯುತ್ತಿರುವುದು ದುಂಡಾಣುವೇ. ಈ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ. ದಯವಿಟ್ಟು ಪ್ರತಿಯೊಬ್ಬರೂ ಒಮ್ಮೆ ಮಾಡಿ ನೋಡಿ. ಯಾಕೆಂದರೆ ಇದು ಗೊತ್ತಾದ ಮೇಲೆ ಬಾಟಲಿ ಬಾಟಲಿ ಔಷಧಿ ತಂದು ಹೊಡೆಯುವುದು ತಾನಾಗಿ ನಿಲ್ಲುತ್ತದೆ. ಸೊರಗಿದ ಬದನೆಯನ್ನು ಗುಣಪಡಿಸುವ ಔಷಧಿ ಇಲ್ಲ. ನಾಳದೊಳಗೆ ಕೂತ ದುಂಡಾಣುವನ್ನು ಎಲೆಗೆ ಹೊಡೆದ ಯಾವುದೂ ಮುಟ್ಟುವುದಿಲ್ಲ.

ಹಾಗಾದರೆ ಕೈಚೆಲ್ಲಿ ಕೂರುವುದಾ? ಅಲ್ಲ. ಬದನೆಯ ಆರೋಗ್ಯದ ಮುಕ್ಕಾಲು ಪಾಲು ಸಸಿ ನೆಡುವ ಮೊದಲೇ ತೀರ್ಮಾನವಾಗಿರುತ್ತದೆ. ಜಾಗ, ಮಣ್ಣು, ಸುಣ್ಣ, ತಳಿ. ಇಷ್ಟನ್ನು ಸರಿ ಮಾಡಿದರೆ ಉಳಿದದ್ದು ಕಣ್ಣು ಮತ್ತು ಕೈಯ ಕೆಲಸ. ಇವತ್ತು ನಾನು ಹೇಳಬೇಕೆಂದು ಬಂದದ್ದು ಇದನ್ನೇ.

ನಮ್ಮ ಮಣ್ಣಿನ ಬಗ್ಗೆ ಸ್ವಲ್ಪ ಮಾತಾಡೋಣ. ಕುಂಬಳೆಯಿಂದ ಮುಳ್ಳೇರಿಯದವರೆಗೆ, ಮಂಜೇಶ್ವರದಿಂದ ಪೆರ್ಲದವರೆಗೆ ಹೆಚ್ಚಿನ ಕಡೆ ಇರುವುದು ಮುರ ಮಣ್ಣು, ಅಂದರೆ ಜಂಬಿಟ್ಟಿಗೆ ಮಣ್ಣು. ಗುಡ್ಡೆಯ ಮೇಲೆ ಕಲ್ಲು, ಇಳಿಜಾರಿನಲ್ಲಿ ಕೆಂಪು ಜಲ್ಲಿ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಇಷ್ಟು ಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಹುಳಿ ಮಣ್ಣು. ಅದರ ಮೇಲೆ ಬಿಸಿ ಮತ್ತು ಒದ್ದೆ ಒಟ್ಟಿಗೆ ಇರುವ ಹವೆ. ಸೊರಗು ದುಂಡಾಣುವಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಡ. ಬಯಲುಸೀಮೆಯಲ್ಲಿ ಚೆನ್ನಾಗಿ ಬಂದ ಬದನೆ ತಳಿ ಇಲ್ಲಿ ಬಂದು ಬಿದ್ದು ಸಾಯುವುದಕ್ಕೆ ಕಾರಣ ಇದು. ನಿಮ್ಮ ಕೈಗುಣ ಸರಿಯಿಲ್ಲ ಅಂತ ಯಾರಾದರೂ ಹೇಳಿದ್ದರೆ ಅದನ್ನು ತಲೆಯಿಂದ ತೆಗೆದುಹಾಕಿ.

ಹಿಂದಿನವರು ಬದನೆಯನ್ನು ಎಲ್ಲಿ ಬೆಳೆಯುತ್ತಿದ್ದರು ಅಂತ ಮನೆಯ ಹಿರಿಯರನ್ನು ಕೇಳಿ. ಹೆಚ್ಚಾಗಿ ಬೈಲಿನ ಗದ್ದೆಯಲ್ಲಿ. ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ನೆಟ್ಟಿಕಾಯಿ ಸಾಲು. ಸೌತೆ, ಅಲಸಂಡೆ, ಬೆಂಡೆ, ಬದನೆ. ಮಳೆಗಾಲವಿಡೀ ನೀರು ನಿಂತ ಗದ್ದೆಯಲ್ಲಿ ಭತ್ತವೇ ಇರುತ್ತಿತ್ತು. ಬದನೆ ಜಾತಿಯ ಗಿಡ ಒಂದೂ ಇರುತ್ತಿರಲಿಲ್ಲ. ಈ ಮಣ್ಣುರೋಗದ ಬಲ ಆ ತಿಂಗಳುಗಳಲ್ಲಿ ಕುಗ್ಗುತ್ತದೆ. ಮೇಲಿಂದ ಸುಡುಮಣ್ಣು, ಬೂದಿ, ಹಟ್ಟಿಗೊಬ್ಬರ. ಅವರು ದುಂಡಾಣುವಿನ ಹೆಸರು ಹೇಳದಿದ್ದರೂ ಅದಕ್ಕೆ ಬೇಕಾದ ಉತ್ತರವನ್ನು ಬೇಸಾಯದಲ್ಲೇ ಇಟ್ಟಿದ್ದರು. ಈಗ ಬೈಲು ಗದ್ದೆಗಳಲ್ಲಿ ಬಹಳಷ್ಟು ಅಡಿಕೆ ತೋಟವಾಗಿವೆ. ಬದನೆ ಮನೆಯ ಹಿಂದಿನ ನಾಲ್ಕು ಮಾರು ಜಾಗಕ್ಕೆ ಬಂದಿದೆ. ಅದೇ ಜಾಗ, ಪ್ರತಿವರ್ಷ. ಹೋದ ವರ್ಷ ಮೆಣಸು, ಅದಕ್ಕೂ ಹಿಂದೆ ಟೊಮೆಟೊ, ಈ ವರ್ಷ ಬದನೆ. ಮೂರೂ ಒಂದೇ ಕುಟುಂಬ. ಮೂರಕ್ಕೂ ಒಂದೇ ರೋಗ. ನಮಗೆ ಬೆಳೆ ಬದಲಾಯಿಸಿದ ಹಾಗೆ ಅನಿಸುತ್ತದೆ, ದುಂಡಾಣುವಿಗೆ ಊಟ ಬದಲಾಗಿಲ್ಲ. ಶುಂಠಿ ಬಾಡಿ ಸತ್ತ ಜಾಗಕ್ಕೂ ಬದನೆ ಹಾಕಬೇಡಿ. ಬದನೆ ಬಂದ ಜಾಗಕ್ಕೆ ಮುಂದಿನ ಎರಡು ಮೂರು ಬೆಳೆ ಹರಿವೆ, ಅಲಸಂಡೆ, ಬೆಂಡೆ, ಸೌತೆ ಇರಲಿ.

ಜಾಗ ಆರಿಸುವಾಗ ಎರಡೇ ವಿಷಯ ನೋಡಿ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ತೆಂಗಿನ ನೆರಳಲ್ಲಿ, ಅಡಿಕೆಯ ಎಡೆಯಲ್ಲಿ ಬದನೆ ಸುಮ್ನೆ ಉದ್ದ ಬೆಳೆಯುತ್ತದೆ, ಕಾಯಿ ಕಟ್ಟುವುದಿಲ್ಲ. ಎರಡನೆಯದು, ನೀರು ನಿಲ್ಲಬಾರದು. ಮಳೆಗಾಲದಲ್ಲಿ ನೆಡುವುದಾದರೆ ಒಂದಡಿ ಎತ್ತರದ ಏರಿ ಮಾಡಿ, ಬದಿಯಲ್ಲಿ ನೀರು ಹೋಗುವ ಕಣಿ ಇಡಿ. ಮನೆಯ ಬಚ್ಚಲಿನ ನೀರು ಹರಿದು ಬರುವ ಮೂಲೆ ಬೇಡ.

ಸುಣ್ಣದ ವಿಷಯದಲ್ಲಿ ನಾವು ಬಹಳ ಉದಾಸೀನ ಮಾಡುತ್ತೇವೆ. ನೆಡುವ ಎರಡು ವಾರ ಮೊದಲು ಸೆಂಟಿಗೆ (ಎಕರೆಯ ನೂರನೇ ಒಂದು ಪಾಲಿಗೆ) ಎರಡರಿಂದ ಮೂರು ಕಿಲೋ ಸುಣ್ಣ ಹಾಕಿ ಮಣ್ಣಿಗೆ ಚೆನ್ನಾಗಿ ಬೆರೆಸಿ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರಲ್ಲಿ ಹೇಳಿದಷ್ಟು ಹಾಕಿ. ಕೃಷಿಭವನದ, ಅಂದರೆ ಊರಿನ ಕೃಷಿ ಇಲಾಖೆಯ ಕಚೇರಿಯ ಮೂಲಕ ಮಾಡಿಸಬಹುದು. ಸುಣ್ಣ ಹಾಕಿದ ದಿನವೇ ಗೊಬ್ಬರ ಹಾಕಬೇಡಿ. ಗೊಬ್ಬರದ ಸಾರಜನಕ ಗಾಳಿಗೆ ಹೋಗಿಬಿಡುತ್ತದೆ. ಹತ್ತು ಹದಿನೈದು ದಿನ ಬಿಟ್ಟು ಹಟ್ಟಿಗೊಬ್ಬರ ಸೇರಿಸಿ. ಸೆಂಟಿಗೆ ನೂರು ಕಿಲೋದವರೆಗೆ ಹಾಕಬಹುದು. ಅದು ಪೂರ್ತಿ ಕಳಿತ ಗೊಬ್ಬರ ಆಗಿರಬೇಕು. ಅದರ ಜೊತೆ ಬೇವಿನ ಹಿಂಡಿ ಇದ್ದರೆ ಬೇರಿನಲ್ಲಿ ಗಂಟು ಕಟ್ಟಿಸುವ, ಕಣ್ಣಿಗೆ ಕಾಣದ ಜಂತುವಿಗೂ ಸ್ವಲ್ಪ ತಡೆ. ಈ ಜಂತು ಬೇರಿಗೆ ಮಾಡುವ ಗಾಯದ ಮೂಲಕವೇ ಸೊರಗು ದುಂಡಾಣು ಒಳಗೆ ನುಗ್ಗುವುದುಂಟು. ಸಾಲಿನ ಬದಿಯಲ್ಲಿ ಗೊಂಡೆ ಹೂ (ಚೆಂಡು ಹೂ) ನೆಡಿ ಅಂತ ಹೇಳುವುದು ಕೂಡ ಇದಕ್ಕೇ.

ಹಿಂದಿನ ವರ್ಷ ಸೊರಗು ಬಂದ ಜಾಗ ಬಿಟ್ಟರೆ ಬೇರೆ ಜಾಗವೇ ಇಲ್ಲ ಎನ್ನುವವರು ಇಲ್ಲಿ ಇದ್ದೀರಿ. ನಿಮಗೆ ನಮ್ಮ ಬೇಸಿಗೆಯೇ ಸಹಾಯಕ್ಕಿದೆ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಮಣ್ಣನ್ನು ಕೊಚ್ಚಿ ಹದ ಮಾಡಿ. ಚೆನ್ನಾಗಿ ನೀರು ಹಾಕಿ. ಮೇಲೆ ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆ ಮಣ್ಣು ಮುಚ್ಚಿ, ಗಾಳಿ ಹೋಗದ ಹಾಗೆ ಮಾಡಿ. ನಾಲ್ಕರಿಂದ ಆರು ವಾರ ಹಾಗೇ ಬಿಡಿ. ಕಪ್ಪು ಹಾಳೆ ಬೇಡ, ಬಿಸಿಲು ಒಳಗೆ ಹೋಗಬೇಕು. ಮೇಲಿನ ಪದರದ ಮಣ್ಣು ಚೆನ್ನಾಗಿ ಕಾಯುತ್ತದೆ. ರೋಗಾಣು, ಕಳೆಬೀಜ, ಜಂತು ಎಲ್ಲವೂ ಬಹಳ ಕಡಿಮೆಯಾಗುತ್ತವೆ. ಆಳದಲ್ಲಿರುವುದು ಉಳಿಯುತ್ತದೆ ಎಂಬುದೂ ನೆನಪಿರಲಿ. ಸಸಿ ಮಡಿಗೆ ಮಾತ್ರ ಇದನ್ನು ಮಾಡಿದರೂ ದೊಡ್ಡ ಲಾಭ.

ಈಗ ತಳಿ. ನಮ್ಮ ಮಣ್ಣಿಗೆ ಬದನೆಯಲ್ಲಿ ಮೊದಲು ನೋಡಬೇಕಾದ ಗುಣ ಸೊರಗು ತಾಳುವ ಗುಣ. ಬಣ್ಣ, ಗಾತ್ರ ಎಲ್ಲ ಆಮೇಲೆ. ಅದೃಷ್ಟಕ್ಕೆ ಕೇರಳ ಕೃಷಿ ವಿಶ್ವವಿದ್ಯಾಲಯ ಈ ಒಂದು ರೋಗವನ್ನೇ ಮುಂದಿಟ್ಟುಕೊಂಡು ಕೆಲಸ ಮಾಡಿದೆ. ಅದರ ತಳಿಗಳಲ್ಲಿ ಸೂರ್ಯ ಎಂಬುದು ನೇರಳೆ ಬಣ್ಣದ, ಮೊಟ್ಟೆ ಆಕಾರದ ಕಾಯಿ. ಶ್ವೇತ ಬಿಳಿ. ಹರಿತ ತಿಳಿಹಸಿರು, ಉದ್ದ. ನೀಲಿಮ ಎಂಬುದು ಹೈಬ್ರಿಡ್. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಧಿ, ಅರ್ಕಾ ಕೇಶವ್, ಅರ್ಕಾ ನೀಲಕಂಠ, ಅರ್ಕಾ ಆನಂದ್ ಕೂಡ ಸೊರಗು ತಾಳುವ ತಳಿಗಳೇ. ನನ್ನ ಮೆಚ್ಚಿನದು ಹರಿತ. ನಮ್ಮ ಹಿತ್ತಿಲಿಗೆ ಹೇಳಿ ಮಾಡಿಸಿದ ಗಿಡ. ಬೋಳು ಹುಳಿಗೂ ಆಗುತ್ತದೆ, ಪಲ್ಯಕ್ಕೂ ಆಗುತ್ತದೆ. ತಾಳುವ ತಳಿ ಅಂದರೆ ಒಂದು ಗಿಡವೂ ಸಾಯುವುದಿಲ್ಲ ಅಂತ ಅರ್ಥವಲ್ಲ. ಬೇರೆ ತಳಿ ಇಡೀ ಸಾಲು ಹೋಗುವ ಜಾಗದಲ್ಲಿ ಇದರಲ್ಲಿ ಹೆಚ್ಚಿನ ಗಿಡ ಉಳಿಯುತ್ತದೆ.

ಮಟ್ಟು ಗುಳ್ಳದ ಬಗ್ಗೆ ಕೇಳುವವರು ಬಹಳ ಮಂದಿ. ಉಡುಪಿ ಹತ್ತಿರದ ಮಟ್ಟು ಊರಿನ ಈ ಗುಂಡು ಬದನೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ರುಚಿಗೆ ಸೋಲದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಆ ರುಚಿ ಸಮುದ್ರ, ಹೊಳೆ ಎರಡೂ ಹತ್ತಿರವಿರುವ ಆ ಊರಿನ ಮಣ್ಣಿಗೆ ಸೇರಿದ್ದು. ಬೀಜ ತಂದು ಇಲ್ಲಿ ಹಾಕಿದರೆ ಗುಳ್ಳದ ಆಕಾರ ಬರುತ್ತದೆ, ರುಚಿ ಅಷ್ಟೇ ಇರುತ್ತದೆ ಅಂತ ಹೇಳಲಾಗದು. ಆಸೆಗೆ ನಾಲ್ಕು ಗಿಡ ನೆಡುವುದಾದರೆ ಸೊರಗು ಬಂದ ಮಣ್ಣಿಗೆ ನೇರವಾಗಿ ನೆಡಬೇಡಿ. ಕಸಿ ಮಾಡಿ ನೆಡಿ.

ಬದನೆಗೆ ಕಸಿಯಾ ಅಂತ ಆಶ್ಚರ್ಯ ಬೇಡ. ನಮ್ಮ ಗುಡ್ಡೆ ಬದಿಯಲ್ಲಿ, ರಸ್ತೆ ಬದಿಯಲ್ಲಿ ಬೆಳೆಯುವ ಸುಂಡೆ ಗಿಡ ಗೊತ್ತಲ್ವಾ? ಬಟಾಣಿಗಿಂತ ಸ್ವಲ್ಪ ದೊಡ್ಡ ಹಸಿರು ಕಾಯಿ ಗೊಂಚಲಾಗಿ ಬಿಡುತ್ತದೆ. ಕುದನೆ ಅಂತಲೂ ಹೇಳುತ್ತಾರೆ. ಅದು ಬದನೆಯ ಕಾಡು ಬಂಧು. ಸೊರಗು ದುಂಡಾಣು ಅದರ ಬೇರಿನ ಎದುರು ಸೋಲುತ್ತದೆ. ಸುಂಡೆಯ ಸಸಿಯನ್ನು ಪೆನ್ಸಿಲಿನ ದಪ್ಪಕ್ಕೆ ಬೆಳೆಸಿ, ತುದಿ ಕತ್ತರಿಸಿ, ದಂಟು ಸೀಳಿ, ಅದರೊಳಗೆ ಬದನೆಯ ಕುಡಿಯನ್ನು ಬೆಣೆಯ ಹಾಗೆ ಚೂಪು ಮಾಡಿ ಕೂರಿಸಿ, ಕ್ಲಿಪ್ ಹಾಕಿ. ಒಂದು ವಾರ ಹತ್ತು ದಿನ ಪ್ಲಾಸ್ಟಿಕ್ ಚೀಲ ಮುಚ್ಚಿ ನೆರಳಲ್ಲಿಡಿ. ಹಿಡಿದರೆ ಆ ಗಿಡ ವರ್ಷಗಟ್ಟಲೆ ಕಾಯಿ ಕೊಡುತ್ತದೆ. ಸುಂಡೆ ಬೀಜ ಮೊಳೆಯಲು ನಿಧಾನ. ಅದನ್ನು ಬದನೆಗಿಂತ ಮೂರು ನಾಲ್ಕು ವಾರ ಮೊದಲೇ ಹಾಕಬೇಕು. ಕಸಿ ಕಟ್ಟಿದ ಜಾಗದಿಂದ ಕೆಳಗೆ ಬರುವ ಚಿಗುರು ಸುಂಡೆಯದ್ದು, ಅದನ್ನು ಚಿವುಟಿ ತೆಗೆಯಿರಿ. ಕಸಿ ಜಾಗ ಮಣ್ಣಿಗೆ ತಾಗಬಾರದು. ಅಡಿಕೆ ಮರಕ್ಕೆ ಕರಿಮೆಣಸು ಹಬ್ಬಿಸುವ ಕೈಗಳಿಗೆ ಇದು ಕಷ್ಟದ ಕೆಲಸವೇ ಅಲ್ಲ. ಕಸಿ ಸಸಿಗಳು ಈಗ ಕೆಲವು ನರ್ಸರಿಗಳಲ್ಲೂ ಸಿಗುತ್ತವೆ.

ಸಸಿ ಮಾಡುವ ವಿಷಯ ನಿಮಗೆ ಗೊತ್ತಿದ್ದದ್ದೇ, ಬೇಗ ಮುಗಿಸುತ್ತೇನೆ. ಸೋಣ ತಿಂಗಳಲ್ಲಿ, ಅಂದರೆ ಆಗಸ್ಟ್ ಮಧ್ಯದಿಂದ, ಬೀಜ ಹಾಕಿದರೆ ಮಳೆ ಇಳಿಯುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರಿಗೆ ನೆಡಲು ಸಸಿ ಸಿದ್ಧ. ನಮಗೆ ಇದೇ ಒಳ್ಳೆಯ ಕಾಲ. ಮಡಿಯಲ್ಲಿ ಬೀಜ ಒತ್ತಾಗಿ ಹಾಕಬೇಡಿ, ಜಾಸ್ತಿ ನೀರು ಹಾಕಬೇಡಿ. ಬುಡ ಕೊಳೆತು ಬೀಳುವುದು ಇದೆರಡರಿಂದಲೇ. ನಾಲ್ಕೈದು ವಾರದ ಸಸಿಯನ್ನು ಸಂಜೆ ಹೊತ್ತು ನೆಡಿ. ಕೀಳುವಾಗ ಬೇರು ಹರಿಯದ ಹಾಗೆ ನೋಡಿ, ಬೇರಿನ ಗಾಯದ ವಿಷಯ ಆಗಲೇ ಹೇಳಿದೆ. ಒಂದು ಲೀಟರ್ ನೀರಿಗೆ 20 ಗ್ರಾಂ ಸ್ಯೂಡೋಮೊನಾಸ್ ಪುಡಿ ಕಲಸಿ, ಅದರಲ್ಲಿ ಬೇರನ್ನು ಅರ್ಧ ಗಂಟೆ ಅದ್ದಿ ನೆಟ್ಟರೆ ಒಳ್ಳೆಯದು. ಇದು ಒಳ್ಳೆಯ ದುಂಡಾಣು, ಬೇರಿನ ಸುತ್ತ ಜಾಗ ಹಿಡಿದು ಕೆಟ್ಟದ್ದಕ್ಕೆ ಜಾಗ ಕೊಡುವುದಿಲ್ಲ. ಬಂದ ರೋಗವನ್ನು ಇದು ವಾಸಿ ಮಾಡುವುದಿಲ್ಲ, ಬರದ ಹಾಗೆ ಸ್ವಲ್ಪ ಕಾಯುತ್ತದೆ. ಗಿಡದಿಂದ ಗಿಡಕ್ಕೆ ಎರಡಡಿ, ಸಾಲಿನಿಂದ ಸಾಲಿಗೆ ಎರಡೂವರೆ ಅಡಿ ಇರಲಿ.

ನೀರು ಹಾಕುವ ಕ್ರಮ ಬದಲಾಯಿಸಿ. ಒಂದು ತುದಿಯಿಂದ ಬಿಟ್ಟು ಎಲ್ಲ ಬುಡ ಮುಟ್ಟಿ ಇನ್ನೊಂದು ತುದಿಗೆ ಹರಿಯುವ ಕಣಿ ನೀರು ಬೇಡ. ಒಂದು ಗಿಡದ ರೋಗ ಸಾಲಿಡೀ ಹೋಗುವುದು ಹೀಗೆಯೇ. ಪ್ರತಿ ಬುಡಕ್ಕೂ ಬೇರೆ ಬೇರೆ ಹಾಕಿ. ಬಾಡಿದ ಗಿಡ ಕಂಡ ದಿನವೇ ಬೇರು ಸಮೇತ, ಬುಡದ ಮಣ್ಣು ಸಮೇತ ತೆಗೆದು ಸುಟ್ಟುಬಿಡಿ. ಆ ಗುಂಡಿಗೆ ಸುಣ್ಣ ಹಾಕಿ. ಅದೇ ಕತ್ತಿ, ಅದೇ ಕೈಯಲ್ಲಿ ಮುಂದಿನ ಗಿಡ ಮುಟ್ಟುವ ಮೊದಲು ತೊಳೆಯಿರಿ. ಉಳಿಯುತ್ತದೇನೋ ನೋಡೋಣ ಅಂತ ಕಾದಷ್ಟು ದಿನ ಪಕ್ಕದ ಗಿಡಕ್ಕೆ ಅಪಾಯ.

ಇನ್ನು ಹುಳ. ಬದನೆಯಲ್ಲಿ ದೊಡ್ಡ ಶತ್ರು ಒಂದೇ, ಕುಡಿ ಮತ್ತು ಕಾಯಿ ಕೊರೆಯುವ ಹುಳ. ಈ ಹುಳ ತಾಳುವ ಹಾಗೆ ವಂಶವಾಹಿ ಬದಲಾಯಿಸಿದ ಬಿಟಿ ಬದನೆಯ ಚರ್ಚೆ ದೇಶದಲ್ಲಿ ಎದ್ದದ್ದು, 2010ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಅದನ್ನು ತಡೆಹಿಡಿದದ್ದು, ಎಲ್ಲವೂ ಈ ಒಂದು ಹುಳದ ಹೆಸರಿನಲ್ಲಿ. ಇದರ ಬದುಕು ಅರ್ಥವಾದರೆ ಹಿತ್ತಿಲಲ್ಲಿ ಇದನ್ನು ಕೈಯಲ್ಲೇ ಹಿಡಿದಿಡಬಹುದು.

ಬಿಳಿ ರೆಕ್ಕೆ, ಅದರ ಮೇಲೆ ಕಂದು ಮಚ್ಚೆ ಇರುವ ಸಣ್ಣ ಪತಂಗ ರಾತ್ರಿ ಬಂದು ಎಳೆ ಎಲೆಯ ಅಡಿಯಲ್ಲಿ, ಕುಡಿಯಲ್ಲಿ, ಕಾಯಿಯ ತೊಟ್ಟಿನಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಹೊರಬಂದ ಮರಿಹುಳ ಸ್ವಲ್ಪ ಹೊತ್ತಿನಲ್ಲೇ ಕುಡಿಯ ಅಥವಾ ಕಾಯಿಯ ಒಳಗೆ ಸೇರಿಬಿಡುತ್ತದೆ. ಆಮೇಲೆ ಎರಡು ಮೂರು ವಾರ ಅದು ಒಳಗೇ. ಹೊರಗೆ ಹೊಡೆದ ಔಷಧಿ ಅದಕ್ಕೆ ತಾಗುವುದೇ ಇಲ್ಲ. ಬೆಳೆದ ಮೇಲೆ ದೊಡ್ಡ ತೂತು ಕೊರೆದು ಹೊರಬಂದು, ಬುಡದ ತರಗೆಲೆಯಲ್ಲೋ ಒಣ ಎಲೆಯ ಮಡಿಕೆಯಲ್ಲೋ ಗೂಡು ಕಟ್ಟುತ್ತದೆ. ಅಂದರೆ ಕಾಯಿಯಲ್ಲಿ ದೊಡ್ಡ ತೂತು ಕಂಡಾಗ ಹುಳ ಹೆಚ್ಚಾಗಿ ಹೊರಟುಹೋಗಿರುತ್ತದೆ. ಒಳಗೆ ಹೋದ ತೂತು ತೊಟ್ಟಿನ ಹತ್ತಿರ, ಸೂಜಿ ಮೊನೆಯಷ್ಟು, ಮುಚ್ಚಿಯೂ ಹೋಗಿರುತ್ತದೆ.

ಹಾಗಾಗಿ ನೋಡಬೇಕಾದದ್ದು ಕುಡಿಯನ್ನು. ಗಿಡ ಇನ್ನೂ ಹೂ ಬಿಡುವ ಮೊದಲೇ ಒಂದು ಕುಡಿ ಮಾತ್ರ ಬಾಡಿ ಬಾಗಿರುತ್ತದೆ, ಉಳಿದ ಗಿಡ ಚೆನ್ನಾಗಿರುತ್ತದೆ. ಇಡೀ ಗಿಡ ಬಾಡಿದರೆ ಸೊರಗು, ಒಂದು ಕುಡಿ ಬಾಡಿದರೆ ಹುಳ. ಆ ಕುಡಿಯನ್ನು ಬಾಡಿದ ಜಾಗಕ್ಕಿಂತ ಒಂದೆರಡು ಇಂಚು ಕೆಳಗೆ ಕತ್ತರಿಸಿ. ಸೀಳಿ ನೋಡಿದರೆ ಒಳಗೆ ನಸುಗೆಂಪು ಹುಳ ಸಿಗುತ್ತದೆ. ಕತ್ತರಿಸಿದ್ದನ್ನು ಗೊಬ್ಬರ ಗುಂಡಿಗೆ ಹಾಕಬೇಡಿ, ಅಲ್ಲಿಂದ ಅದು ಪತಂಗವಾಗಿ ವಾಪಸು ಬರುತ್ತದೆ. ಸಾಬೂನು ನೀರಿಗೆ ಹಾಕಿ ಅಥವಾ ಸುಡಿ. ತೂತಿನ ಕಾಯಿ, ಬುಡದ ಒಣ ಎಲೆ ಕೂಡ ಹಾಗೆಯೇ. ವಾರಕ್ಕೆ ಎರಡು ಸಲ, ದಿನ ನಿಗದಿ ಮಾಡಿಕೊಂಡು ಈ ಕೆಲಸ ಮಾಡಿ. ಹತ್ತು ಹದಿನೈದು ಗಿಡಕ್ಕೆ ಕಾಲು ಗಂಟೆಯೂ ಬೇಡ. ನಿಮ್ಮ ಅಕ್ಕಪಕ್ಕದ ಮನೆಯವರೂ ಮಾಡಿದರೆ ಪರಿಣಾಮ ಇನ್ನೂ ಜಾಸ್ತಿ, ಯಾಕೆಂದರೆ ಪತಂಗಕ್ಕೆ ನಮ್ಮ ಬೇಲಿಯ ಲೆಕ್ಕವಿಲ್ಲ. ಕುಟುಂಬಶ್ರೀ ಮಹಿಳಾ ಸಂಘದವರು ಒಟ್ಟಾಗಿ ಬೆಳೆಯುವ ಜಾಗದಲ್ಲಿ ಮೋಹಕ ಬಲೆ ಇಡಬಹುದು. ಹೆಣ್ಣು ಪತಂಗದ ವಾಸನೆಗೆ ಗಂಡು ಬಂದು ಬೀಳುವ ಬಲೆ ಅದು.

ಔಷಧಿ ಹೊಡೆಯುವ ವಿಷಯ ಬಂದಾಗ ನಮ್ಮ ಜಿಲ್ಲೆಯಲ್ಲಿ ನಿಂತು ಹಗುರವಾಗಿ ಮಾತಾಡಲು ನನಗೆ ಆಗುವುದಿಲ್ಲ. ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರುಗಳು ಇಲ್ಲಿಂದ ದೂರವಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಅದು ನಡೆಯಿತು. ಎಣ್ಮಕಜೆಯ ಪಡ್ರೆ, ಸ್ವರ್ಗ ಎಂಬ ಊರುಗಳ ಮನೆಗಳಲ್ಲಿ ಜನ ಹೇಗೆ ಕಾಯಿಲೆ ಬಿದ್ದರು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದನ್ನು ನಿಲ್ಲಿಸಿತು. ಅಷ್ಟು ಕಂಡ ಊರಿನವರು ನಾವು. ಮನೆ ಮಕ್ಕಳು ಓಡಾಡುವ ಹಿತ್ತಿಲಿಗೆ, ಬಾವಿಯ ಪಕ್ಕಕ್ಕೆ, ಎರಡು ಮೂರು ದಿನಕ್ಕೊಮ್ಮೆ ಕೊಯ್ದು ತಿನ್ನುವ ಕಾಯಿಗೆ ವಿಷ ಹೊಡೆಯುವ ಅಭ್ಯಾಸ ನಮಗೆ ಬೇಡವೇ ಬೇಡ. ಕೊರಕ ಹುಳಕ್ಕೆ ಅದು ತಾಗುವುದಿಲ್ಲ, ಸೊರಗು ರೋಗಕ್ಕೆ ಅದು ಕೆಲಸ ಮಾಡುವುದಿಲ್ಲ. ಸಾಯುವುದು ಕೊರಕವನ್ನು ತಿನ್ನುವ ಕಣಜ, ಜೇಡ ಮಾತ್ರ.

ಬೇರೆ ಹುಳಗಳಿಗೆ ಬೇವು ಸಾಕು. ಹೇನು, ಬಿಳಿನೊಣ, ಜಿಗಿಹುಳ ಇವೆಲ್ಲ ಎಲೆಯ ಅಡಿಯಲ್ಲಿ ಕೂತು ರಸ ಹೀರುತ್ತವೆ. 20 ಮಿಲಿ ಬೇವಿನ ಎಣ್ಣೆ, 20 ಗ್ರಾಂ ಬೆಳ್ಳುಳ್ಳಿ ಅರೆದು ಹಿಂಡಿದ ರಸ, ಐದಾರು ಗ್ರಾಂ ಬಾರ್ ಸಾಬೂನು ಬಿಸಿನೀರಲ್ಲಿ ಕರಗಿಸಿದ್ದು, ಎಲ್ಲ ಸೇರಿ ಒಂದು ಲೀಟರ್. ಸಂಜೆ ಹೊತ್ತು, ಎಲೆಯ ಅಡಿಗೆ ತಾಗುವ ಹಾಗೆ ಸಿಂಪಡಿಸಿ. ಎಲೆಯ ಹಸಿರನ್ನು ಕೆರೆದು ಜರಡಿಯಾಗಿಸುವ ಚುಕ್ಕೆ ಹುಳವನ್ನು ಕೈಯಲ್ಲಿ ಹೆಕ್ಕಿ. ಇದು ಗುಲಗಂಜಿ ಹುಳದ ಜಾತಿಯದ್ದೇ, ಆದರೆ ಮೈಗೆ ಹೊಳಪಿಲ್ಲ, ಬೆನ್ನ ಮೇಲೆ 28 ಕಪ್ಪು ಚುಕ್ಕೆ. ಮರಿ ಹಳದಿ, ಮೈತುಂಬ ಮುಳ್ಳು. ಹೊಳೆಯುವ ಕೆಂಪು ಗುಲಗಂಜಿ ಹುಳ ಹೇನು ತಿನ್ನುವಂಥದ್ದು, ಅದನ್ನು ಕೊಲ್ಲಬೇಡಿ.

ಇನ್ನೊಂದು ಕಾಯಿಲೆ ಹೇಳಿಬಿಡುತ್ತೇನೆ. ಗಿಡದ ಎಲೆಗಳು ಇದ್ದಕ್ಕಿದ್ದ ಹಾಗೆ ತುಂಬ ಸಣ್ಣದಾಗಿ, ಪೊದೆ ಪೊದೆಯಾಗಿ ಬರುತ್ತವೆ. ಹೂವು ಬಿಟ್ಟರೂ ಹಸಿರಾಗಿಯೇ ಇರುತ್ತದೆ. ಕಾಯಿ ಇಲ್ಲ. ಸಣ್ಣೆಲೆ ರೋಗ ಅದು. ಜಿಗಿಹುಳ ಗಿಡದಿಂದ ಗಿಡಕ್ಕೆ ಹೊತ್ತು ತರುತ್ತದೆ. ಗೊಬ್ಬರ ಕಡಿಮೆಯಾಯಿತು ಅಂತ ಗೊಬ್ಬರ ಹಾಕುತ್ತಾ ಕೂರಬೇಡಿ. ಕಿತ್ತು ಸುಡಿ, ಅಷ್ಟೇ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಉಪಯೋಗವಾಗಬಹುದು ಅಂತ ಅವನ್ನೂ ಇಲ್ಲಿ ಸೇರಿಸಿದ್ದೇನೆ.

ಹೂವೆಲ್ಲ ಉದುರುತ್ತದೆ, ಏನು ಮಾಡಲಿ ಎಂದು ಒಬ್ಬರು ಅಕ್ಕ ಕೇಳಿದರು. ಅಕ್ಕ, ಮೊದಲು ಹೂವನ್ನು ಹತ್ತಿರದಿಂದ ನೋಡಿ. ಮಧ್ಯದಲ್ಲಿ ಹಳದಿ ಕೇಸರಗಳ ಗೊನೆ, ಅದರ ನಡುವೆ ಹಸಿರು ಕೋಲು. ಕೋಲು ಕೇಸರಕ್ಕಿಂತ ಉದ್ದವಿದ್ದರೆ ಆ ಹೂವು ಕಾಯಿ ಕಟ್ಟುತ್ತದೆ. ಗಿಡ್ಡವಾಗಿ ಒಳಗೇ ಅಡಗಿದ್ದರೆ ಅದು ಉದುರಲಿಕ್ಕೇ ಇರುವ ಹೂವು. ಪ್ರತಿ ಗೊಂಚಲಲ್ಲಿ ಇಂಥವು ಇದ್ದೇ ಇರುತ್ತವೆ. ಅದಕ್ಕೆ ಬೇಸರ ಬೇಡ. ಉದ್ದ ಕೋಲಿನ ಹೂವೂ ಉದುರಿದರೆ ನೀರು ಹೆಚ್ಚು ಕಮ್ಮಿ ಆಗಿದೆಯೇ, ನೆರಳಿದೆಯೇ, ಸೆಗಣಿ ನೀರು, ಗೋಮೂತ್ರ ಜಾಸ್ತಿಯಾಯಿತೇ ಅಂತ ನೋಡಿ. ಸಾರಜನಕ ಜಾಸ್ತಿಯಾದರೆ ಎಲೆ ಸೊಂಪಾಗಿ ಬರುತ್ತದೆ, ಹೂ ನಿಲ್ಲುವುದಿಲ್ಲ, ಎಳೆ ಕುಡಿಗೆ ಹುಳವೂ ಜಾಸ್ತಿ. ಹತ್ತು ದಿನಕ್ಕೊಮ್ಮೆ, ಒಂದು ಕಿಲೋ ಸೆಗಣಿಗೆ ಹತ್ತು ಲೀಟರ್ ನೀರು ಸೇರಿಸಿದ ತಿಳಿ ಸಾಕು. ಮತ್ತೊಂದು ಸಂಗತಿ. ಬದನೆಯ ಕೇಸರದ ತುದಿಯಲ್ಲಿ ಸಣ್ಣ ರಂಧ್ರವಿದೆ. ಹೂವು ನಡುಗಿದರೆ ಮಾತ್ರ ಅದರಿಂದ ಪರಾಗ ಉದುರುತ್ತದೆ. ಜೇನ್ನೊಣಕ್ಕೆ ಹಾಗೆ ನಡುಗಿಸಲು ಬಾರದು. ಪಕ್ಕಾಸು ಕೊರೆಯುವ ಆ ದೊಡ್ಡ ಕಪ್ಪು ದುಂಬಿಗೆ, ನೀಲಿ ಪಟ್ಟೆಯ ಕಾಡು ನೊಣಕ್ಕೆ ಬರುತ್ತದೆ. ಹೂವನ್ನು ಹಿಡಿದು ಝೇಂಕರಿಸುತ್ತವೆ. ಗಾಳಿಯೂ ಈ ಕೆಲಸ ಮಾಡುತ್ತದೆ. ಗೋಡೆಗೆ ಒತ್ತಿ ನೆಟ್ಟ ಗಿಡವಾದರೆ ಬೆಳಗ್ಗೆ ಹೂವಿನ ತೊಟ್ಟನ್ನು ಬೆರಳಿಂದ ಮೆಲ್ಲ ತಟ್ಟಿ.

ತಾರಸಿಯಲ್ಲಿ ಚೀಲದಲ್ಲಿ ಬೆಳೆಯಬಹುದಾ? ಖಂಡಿತ. ಸೊರಗು ಇರುವ ಹಿತ್ತಿಲಿನವರಿಗೆ ಗ್ರೋಬ್ಯಾಗ್ ಒಳ್ಳೆಯ ದಾರಿ. ಆದರೆ ರೋಗ ಬಂದ ಮಡಿಯ ಮಣ್ಣನ್ನೇ ಚೀಲಕ್ಕೆ ತುಂಬಿದರೆ ರೋಗವನ್ನು ಮೇಲೆ ಹತ್ತಿಸಿದ ಹಾಗೆ. ಮಣ್ಣು, ಕಳಿತ ಗೊಬ್ಬರ, ತೆಂಗಿನ ನಾರಿನ ಹುಡಿಯ ಕಾಂಪೋಸ್ಟ್ ಸಮ ಪಾಲು, ಚೀಲಕ್ಕೆ ಒಂದು ಮುಷ್ಟಿ ಸುಣ್ಣ. ಸುಣ್ಣವನ್ನು ಮಣ್ಣಿಗೆ ಮೊದಲೇ ಬೆರೆಸಿಡಿ. ನೆಲದಲ್ಲಿಡುವುದಾದರೆ ಎರಡು ಕಲ್ಲಿನ ಮೇಲಿಡಿ. ಇಲ್ಲದಿದ್ದರೆ ಬೇರು ತೂತಿನಿಂದ ಇಳಿದು ನೆಲದ ಮಣ್ಣಿಗೆ ತಾಗುತ್ತದೆ.

ಗಿಡ ಹಳತಾದ ಮೇಲೆ ಕಿತ್ತೆಸೆಯಬೇಕಾ ಎಂದು ಕೇಳಿದವರಿಗೆ, ಆರೋಗ್ಯವಾಗಿದ್ದರೆ ಬೇಡ. ಕಾಯಿ ಕಮ್ಮಿಯಾದಾಗ ನೆಲದಿಂದ ಒಂದಡಿ ಬಿಟ್ಟು ಸವರಿ, ಬುಡಕ್ಕೆ ಗೊಬ್ಬರ ಹಾಕಿ ಮಣ್ಣು ಏರಿಸಿ. ಹೊಸ ಚಿಗುರಿನಲ್ಲಿ ಮತ್ತೆ ಕಾಯಿ ಬರುತ್ತದೆ. ಕೊರಕ ಹುಳ ವಿಪರೀತ ಇದ್ದರೆ ಮಾತ್ರ ಎಲ್ಲ ಕಿತ್ತು, ಎರಡು ತಿಂಗಳು ಆ ಹಿತ್ತಿಲಲ್ಲಿ ಬದನೆಯೇ ಇಲ್ಲದ ಹಾಗೆ ಮಾಡಿ.

ಕೊನೆಯ ಪ್ರಶ್ನೆ ಬೀಜದ್ದು. ಸೂರ್ಯ, ಶ್ವೇತ, ಹರಿತ ಇವುಗಳ ಬೀಜವನ್ನು ನೀವೇ ಇಟ್ಟುಕೊಳ್ಳಬಹುದು, ಹೈಬ್ರಿಡಿನದ್ದು ಬೇಡ. ಪಕ್ಕದ ಗಿಡಗಳು ಸೊರಗಿದಾಗಲೂ ನಿಂತ ಗಿಡವನ್ನೇ ಆರಿಸಿ. ಎರಡು ಮೂರು ತಳಿ ಒಟ್ಟಿಗಿದ್ದರೆ ಬೆರಕೆಯಾಗುತ್ತದೆ. ಹಾಗಾಗಿ ಮೊಗ್ಗು ಅರಳುವ ಮೊದಲೇ ತೆಳು ಬಟ್ಟೆಯ ಸಣ್ಣ ಚೀಲ ಕಟ್ಟಿ, ಹೂವು ಅರಳಿದಾಗ ಮೆಲ್ಲ ತಟ್ಟಿ. ಕಾಯಿ ಕಟ್ಟಿದ ಮೇಲೆ ಚೀಲ ತೆಗೆದು ತೊಟ್ಟಿಗೆ ಬಣ್ಣದ ದಾರ ಕಟ್ಟಿ, ಮನೆಯವರು ಗೊತ್ತಿಲ್ಲದೆ ಕೊಯ್ಯದ ಹಾಗೆ. ಕಾಯಿ ಗಿಡದಲ್ಲೇ ಹಳದಿಯಾಗಿ ಮೆತ್ತಗಾಗುವವರೆಗೆ ಬಿಡಿ. ಕೊಯ್ದು, ನೀರಲ್ಲಿ ಕಿವುಚಿ, ತೇಲಿದ್ದನ್ನು ಬಿಟ್ಟು ಅಡಿಯಲ್ಲಿ ಕೂತ ಬೀಜ ತೆಗೆಯಿರಿ. ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಬಾಟಲಿಯಲ್ಲಿಡಿ. ಬಾಟಲಿಯ ಮೇಲೆ ತಳಿಯ ಹೆಸರು, ವರ್ಷ ಬರೆಯಿರಿ. ಮುಂದಿನ ಸೋಣಕ್ಕೆ ಬೀಜ ಬೇಕಾದವರು ಒಂದು ಚೀಟಿಯಲ್ಲಿ ಹೆಸರು ಬರೆದು ವಾಚನಾಲಯದ ಮೇಜಿನ ಮೇಲೆ ಇಟ್ಟು ಹೋಗಿ. ಹರಿತ ಬೀಜ ನಾನು ತಂದುಕೊಡುತ್ತೇನೆ.